200 ಪರ್ಸೆಂಟ್ ಹೋದ ಮೇಲೆ ಆರ್ ಅಂಡ್ ಡಿಗೆ ಉಳಿದಿರುವ ತೆರಿಗೆ ರಿಯಾಯಿತಿ

ಬೆಳಗಾವಿಯ ಉದ್ಯಮಬಾಗ, ಮಚ್ಛೆ ಕಡೆ ಎಲೆಕ್ಟ್ರಾನಿಕ್ಸ್ ಕೆಲಸ ಮಾಡುವ ಸಣ್ಣ ಕಂಪನಿಯವರನ್ನು ‘ನಿಮ್ಮಲ್ಲಿ ಆರ್ ಅಂಡ್ ಡಿ (ಸಂಶೋಧನೆ, ಅಭಿವೃದ್ಧಿ) ನಡೆಯುತ್ತಾ’ ಅಂತ ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ‘ಏ ಇಲ್ರೀ, ನಮ್ದು ಸಣ್ಣ ಕೆಲಸ.’ ಆದರೆ ಅವರ ಟೇಬಲ್ ಮೇಲೆ ಒಂದೇ ಬೋರ್ಡಿನ ನಾಲ್ಕು ಆವೃತ್ತಿಗಳು ಬಿದ್ದಿರುತ್ತವೆ. ಫರ್ನೇಸ್ ಶುರುವಾದ ಕೂಡಲೇ ಸೆನ್ಸರ್ ರೀಡಿಂಗ್ ಯಾಕೆ ಕುಣಿಯುತ್ತೆ ಅಂತ ಇಬ್ಬರು ಹುಡುಗರು ವಾರಗಟ್ಟಲೆ ತಲೆ ಕೆಡಿಸಿಕೊಂಡಿರುತ್ತಾರೆ. ಆದಾಯ ತೆರಿಗೆ ಕಾನೂನು ಸಂಶೋಧನೆ ಅಂತ ಕರೆಯುವುದು ಇಂಥದ್ದನ್ನೇ. ಕೆಲಸ ನಡೆದಿರುತ್ತೆ, ಲೆಕ್ಕದ ಪುಸ್ತಕದಲ್ಲಿ ಅದರ ಗುರುತೇ ಇರುವುದಿಲ್ಲ. ರಿಯಾಯಿತಿ ಕೈತಪ್ಪುವುದು ಜಾಸ್ತಿ ಈ ಕಾರಣಕ್ಕೇ.

ಇನ್ನೊಂದು ಕಾರಣವೂ ಇದೆ. ‘200 ಪರ್ಸೆಂಟ್ ಹೋಯ್ತಲ್ಲ, ಇನ್ನೇನು ಉಳಿದಿದೆ?’ ಅನ್ನುವ ಮಾತು. ಆ ಮಾತಿನ ಹಿನ್ನೆಲೆ ಹೀಗಿದೆ. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 35(2ಎಬಿ) ಪ್ರಕಾರ, ಕೇಂದ್ರದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಇಲಾಖೆ, ಅಂದರೆ ಡಿಎಸ್ಐಆರ್, ಒಪ್ಪಿದ ಸ್ವಂತ ಪ್ರಯೋಗಾಲಯದಲ್ಲಿ ಕಂಪನಿ 20 ಲಕ್ಷ ರೂಪಾಯಿ ಖರ್ಚು ಮಾಡಿದರೆ, ತೆರಿಗೆ ಲೆಕ್ಕದಲ್ಲಿ 40 ಲಕ್ಷ ಕಳೆಯಬಹುದಿತ್ತು. 2017ರ ಮಾರ್ಚ್ 31ಕ್ಕೆ ಅದು ಮುಗಿಯಿತು. ಆಮೇಲೆ ಮೂರು ವರ್ಷ 150 ಪರ್ಸೆಂಟ್. 2020ರ ಏಪ್ರಿಲ್ 1ರಿಂದ ಬರೀ 100 ಪರ್ಸೆಂಟ್. ಖರ್ಚು ಮಾಡಿದಷ್ಟೇ ಕಳೆಯುವುದು, ಒಂದು ರೂಪಾಯಿ ಹೆಚ್ಚಿಲ್ಲ.

100 ಪರ್ಸೆಂಟ್ ಅಂದರೆ ಮಾಮೂಲಿ ಖರ್ಚಿನ ಹಾಗೇ ಅಲ್ವಾ? ಸಂಬಳ, ಬಿಡಿಭಾಗ, ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಮಾಡಿಸಿದ ಬಿಲ್ಲು ಇವುಗಳ ಮಟ್ಟಿಗೆ ಹೌದು. ಬಾಡಿಗೆ, ಕರೆಂಟ್ ಬಿಲ್ ಕಳೆಯುವ ಹಾಗೆ ಇವನ್ನೂ ವ್ಯಾಪಾರದ ಖರ್ಚು ಅಂತ ಕಳೆಯಬಹುದು. ಸೆಕ್ಷನ್ 35ರ ಬಲ ಇರುವುದು ಬೇರೆ ಕಡೆ. ಒಂದೇ ವರ್ಷದಲ್ಲಿ ಕಳೆಯೋಕೆ ಮಾಮೂಲಾಗಿ ಬಿಡದ ಖರ್ಚುಗಳನ್ನು ಅದು ಕಳೆಯೋಕೆ ಬಿಡುತ್ತದೆ. ಸಣ್ಣ ಕಂಪನಿಗೆ ಬೇಕಾಗಿರುವುದು ಈ ಭಾಗವೇ. ಇದನ್ನು 2020ರ ಬದಲಾವಣೆ ಮುಟ್ಟಿಲ್ಲ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಬೆಳಗಾವಿಯಲ್ಲಿ ಫೌಂಡ್ರಿಗಳಿಗೆ ಕೊರತೆ ಇಲ್ಲ. ಅಲ್ಲಿನ ಮೋಲ್ಡಿಂಗ್ ಮರಳಿನಲ್ಲಿ ತೇವ ಸುಮಾರು 3–4 ಪರ್ಸೆಂಟ್ ಆಸುಪಾಸು ನಿಲ್ಲಬೇಕು. ಜಾಸ್ತಿಯಾದರೆ ಎರಕದಲ್ಲಿ ಗಾಳಿಗುಳ್ಳೆ, ಕಡಿಮೆಯಾದರೆ ಅಚ್ಚು ಉದುರುತ್ತೆ. ಮಿಕ್ಸರ್ ತಿರುಗುತ್ತಿರುವಾಗಲೇ ತೇವ ಅಳೆದು ನೀರು ಬಿಡುವ ಸಾಧನವನ್ನು ಒಂದು ಎಂಬೆಡೆಡ್ ಕಂಪನಿ (ಯಂತ್ರದೊಳಗೆ ಕೂರುವ ಚಿಪ್, ಸಾಫ್ಟ್‌ವೇರ್ ಮಾಡುವ ಕಂಪನಿ) ಮಾಡಲು ಹೊರಟಿದೆ ಅಂತಿಟ್ಟುಕೊಳ್ಳಿ. ತತ್ವ ಸರಳ. ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 80, ಒಣ ಮರಳಿನದು ಐದರ ಒಳಗೆ. ಹಾಗಾಗಿ ತೇವ ಸ್ವಲ್ಪ ಬದಲಾದರೂ ಕೆಪಾಸಿಟೆನ್ಸ್ (ವಿದ್ಯುತ್ ಹಿಡಿದಿಡುವ ಸಾಮರ್ಥ್ಯ) ಬದಲಾಗುತ್ತೆ, ಅದನ್ನು ಅಳೆದರೆ ಆಯಿತು.

ತೊಡಕು ಆಮೇಲೆ ಶುರುವಾಗುತ್ತದೆ. ಎರಕ ಮುಗಿದು ವಾಪಸ್ ಬರುವ ಮರಳು ಬಿಸಿ ಇರುತ್ತೆ. ಮರಳನ್ನು ಹಿಡಿದಿಡುವ ಬೆಂಟೊನೈಟ್ ಜೇಡಿಯ ಪ್ರಮಾಣ ಒಂದೇ ಇರುವುದಿಲ್ಲ. ಮರಳು ಎಷ್ಟು ಒತ್ತಿಕೊಂಡಿದೆ ಅನ್ನುವುದೂ ರೀಡಿಂಗ್ ಬದಲಿಸುತ್ತದೆ. ಪಕ್ಕದಲ್ಲಿ ಇಂಡಕ್ಷನ್ ಫರ್ನೇಸ್ ಎಬ್ಬಿಸುವ ವಿದ್ಯುತ್ ಗದ್ದಲ ಬೇರೆ. ಈ ನಾಲ್ಕರ ನಡುವೆ ನಿಜವಾದ ತೇವವನ್ನು ಬೇರ್ಪಡಿಸುವುದು ಹೇಗೆ? ಮೈಕ್ರೋಕಂಟ್ರೋಲರ್ ತಯಾರಕರ ಡೇಟಾಶೀಟಿನಲ್ಲಿ ಇದಕ್ಕೆ ಉತ್ತರ ಇಲ್ಲ. ಮಾಡಿ, ಅಳೆದು, ಸೋತು, ಮತ್ತೆ ಮಾಡಿಯೇ ಕಂಡುಕೊಳ್ಳಬೇಕು.

ಕಾಯ್ದೆಯ ಸೆಕ್ಷನ್ 43(4) ವೈಜ್ಞಾನಿಕ ಸಂಶೋಧನೆ ಅಂದರೆ ಏನು ಅಂತ ಹೇಳುತ್ತದೆ. ನೈಸರ್ಗಿಕ ಅಥವಾ ಅನ್ವಯಿಕ ವಿಜ್ಞಾನದಲ್ಲಿ ತಿಳಿವಳಿಕೆಯನ್ನು ಮುಂದಕ್ಕೆ ಒಯ್ಯುವ ಯಾವುದೇ ಚಟುವಟಿಕೆ. ಆ ಸಂಶೋಧನೆಯಿಂದ ನಿಮ್ಮ ವ್ಯಾಪಾರ ಬೆಳೆಯಬಹುದು ಅನ್ನುವ ಹಾಗಿದ್ದರೂ ಅದು ನಿಮ್ಮ ವ್ಯಾಪಾರಕ್ಕೆ ಸಂಬಂಧಪಟ್ಟದ್ದೇ ಅಂತ ಅದೇ ಸೆಕ್ಷನ್ ಒಪ್ಪುತ್ತದೆ. ಪ್ರಯೋಗಾಲಯದ ಬಿಳಿ ಕೋಟು ಹಾಕಿಕೊಂಡಿರಬೇಕು ಅಂತ ಎಲ್ಲೂ ಬರೆದಿಲ್ಲ. ಮೇಲಿನ ಮರಳಿನ ಸೆನ್ಸರು, ಅದರ ಕ್ಯಾಲಿಬ್ರೇಷನ್ ಲೆಕ್ಕ, ಗದ್ದಲ ತಡೆಯುವ ಸರ್ಕ್ಯೂಟು, ಚಿಪ್ಪಿನೊಳಗೆ ಓಡುವ ಫರ್ಮ್‌ವೇರ್ ಈ ವ್ಯಾಖ್ಯೆಯೊಳಗೆ ನಿಲ್ಲುತ್ತವೆ ಅನ್ನುವುದು ನನ್ನ ಅಭಿಪ್ರಾಯ.

ಅದೇ ಸಾಧನದ ಎಲ್ಲ ಕೆಲಸವೂ ಸಂಶೋಧನೆ ಆಗುವುದಿಲ್ಲ. ಡಬ್ಬಿಯ ಬಣ್ಣ ಬದಲಿಸಿದ್ದು, ಮೊಬೈಲ್ ಆ್ಯಪಿನ ಪರದೆ ಚಂದ ಮಾಡಿದ್ದು, ಮಾರಾಟಕ್ಕೆ ಹೊರಟ ಪ್ರತಿ ಬೋರ್ಡನ್ನು ಪರೀಕ್ಷೆ ಮಾಡಿದ್ದು, ಗ್ರಾಹಕರ ಜಾಗಕ್ಕೆ ಹೋಗಿ ಕೂರಿಸಿ ಬಂದದ್ದು, ಇವೆಲ್ಲ ಸಾಮಾನ್ಯ ಖರ್ಚು. ಸ್ಟಾಕ್ ಇಲ್ಲದ ಚಿಪ್ ತೆಗೆದು ಅದೇ ಪಿನ್ನಿನ ಬೇರೆ ಚಿಪ್ ಹಾಕಿದ್ದೂ ಅಷ್ಟೇ. ಹೊರಗಿನವರು ಮಾಡಿಟ್ಟ ಡಿಸೈನ್ ಹಕ್ಕನ್ನು ದುಡ್ಡು ಕೊಟ್ಟು ಕೊಂಡರೂ ಅದು ಸಂಶೋಧನೆಯ ಖರ್ಚಲ್ಲ ಅಂತ ಸೆಕ್ಷನ್ 43(4) ಸ್ಪಷ್ಟವಾಗಿ ಹೇಳುತ್ತದೆ. ಅದಕ್ಕೆ ಸಿಗುವುದು ವರ್ಷಕ್ಕೆ 25 ಪರ್ಸೆಂಟ್ ಸವಕಳಿ, ಅಂದರೆ ಬೆಲೆಯನ್ನು ವರ್ಷ ವರ್ಷ ಸ್ವಲ್ಪ ಸ್ವಲ್ಪವಾಗಿ ಕಳೆಯುವುದು. ಇಲ್ಲಿ ಆಸೆಪಟ್ಟು ಎಲ್ಲವನ್ನೂ ಆರ್ ಅಂಡ್ ಡಿ ತಲೆಗೆ ಕಟ್ಟಿದರೆ, ನಿಜವಾದ ಸಂಶೋಧನೆಯ ಮೇಲೂ ಅನುಮಾನ ಬರುತ್ತೆ.

ಈಗ ದುಡ್ಡಿನ ಮಾತು. ಈ ಕಂಪನಿ ಆರ್ ಅಂಡ್ ಡಿ ಬೆಂಚಿಗೆ ಅಂತಲೇ ಆಸಿಲೋಸ್ಕೋಪ್, ಸ್ಪೆಕ್ಟ್ರಮ್ ಅನಲೈಸರ್, ಎಲ್‌ಸಿಆರ್ ಮೀಟರ್, ಬಿಸಿ ಮತ್ತು ತೇವದಲ್ಲಿಟ್ಟು ಪರೀಕ್ಷಿಸುವ ಚೇಂಬರ್, ಎಲ್ಲ ಸೇರಿ 20 ಲಕ್ಷದ ಉಪಕರಣ ಕೊಂಡಿತು ಅನ್ನೋಣ. ಲೆಕ್ಕದವರು ಇದನ್ನು ಮಾಮೂಲಿ ಯಂತ್ರಗಳ ಪಟ್ಟಿಗೆ ಸೇರಿಸಿದರೆ ವರ್ಷಕ್ಕೆ 15 ಪರ್ಸೆಂಟ್ ಸವಕಳಿ, ಅಂದರೆ ಮೊದಲ ವರ್ಷ 3 ಲಕ್ಷ ಮಾತ್ರ ಕಳೆಯಬಹುದು. ಖರೀದಿ ತಡವಾಗಿ ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರಲ್ಲೂ ಅರ್ಧ, ಒಂದೂವರೆ ಲಕ್ಷ. ಸೆಕ್ಷನ್ 35(1)ರ ನಾಲ್ಕನೇ ಖಂಡದಲ್ಲಿ ತೋರಿಸಿದರೆ ಇಡೀ 20 ಲಕ್ಷ ಆ ವರ್ಷವೇ ಕಳೆಯುತ್ತದೆ. 180 ದಿನದ ಶರತ್ತು ಅಲ್ಲಿಲ್ಲ. ಜಮೀನು ಕೊಂಡ ಖರ್ಚಿಗೆ ಮಾತ್ರ ಇದು ಸಿಗುವುದಿಲ್ಲ.

ಕಂಪನಿ 22 ಪರ್ಸೆಂಟ್ ದರದಲ್ಲಿದ್ದರೆ ಸರ್ಚಾರ್ಜ್, ಸೆಸ್ ಸೇರಿ ಕಟ್ಟುವುದು 25.168 ಪರ್ಸೆಂಟ್. ಮೊದಲ ವರ್ಷ 3 ಲಕ್ಷದ ಬದಲು 20 ಲಕ್ಷ ಕಳೆದರೆ ವ್ಯತ್ಯಾಸ 17 ಲಕ್ಷ. ಅದರ ಮೇಲಿನ ತೆರಿಗೆ 4,27,856 ರೂಪಾಯಿ. ಇದು ಶಾಶ್ವತ ಉಳಿತಾಯ ಅಲ್ಲ. ಸವಕಳಿ ದಾರಿಯಲ್ಲಿ ಹೋದರೂ ವರ್ಷ ಕಳೆದಂತೆ ಹೆಚ್ಚುಕಡಿಮೆ ಅಷ್ಟೇ ಕಳೆಯುತ್ತೆ. ಆದರೆ ಉತ್ಪನ್ನ ಇನ್ನೂ ಮಾರುಕಟ್ಟೆಗೆ ಬಂದಿಲ್ಲ, ಬ್ಯಾಂಕ್ ಬಡ್ಡಿ ಓಡುತ್ತಿದೆ. ಅಂಥ ವರ್ಷದಲ್ಲಿ ನಾಲ್ಕು ಲಕ್ಷ ಕೈಯಲ್ಲಿ ಉಳಿಯುವುದಕ್ಕೂ, ಎಂಟು ಹತ್ತು ವರ್ಷದಲ್ಲಿ ಚೂರು ಚೂರಾಗಿ ಬರುವುದಕ್ಕೂ ಬಹಳ ವ್ಯತ್ಯಾಸ ಇದೆ. ಲ್ಯಾಪ್‌ಟಾಪ್, ಸಾಫ್ಟ್‌ವೇರಿಗೆ ಸವಕಳಿಯೇ 40 ಪರ್ಸೆಂಟ್ ಇರುವುದರಿಂದ ಅಲ್ಲಿ ಲಾಭ ಕಡಿಮೆ.

ಹೀಗೆ ಪೂರ್ತಿ ಕಳೆದ ಉಪಕರಣಕ್ಕೆ ಮತ್ತೆ ಸವಕಳಿ ಕೇಳುವಂತಿಲ್ಲ. ಮುಂದೆ ಅದನ್ನು ಉತ್ಪಾದನೆಯ ಕಡೆಗೆ ಸಾಗಿಸಿದರೆ ತೆರಿಗೆ ಲೆಕ್ಕದಲ್ಲಿ ಅದರ ಬೆಲೆ ಸೊನ್ನೆ. ಬೇರೆ ಕೆಲಸಕ್ಕೆ ಬಳಸದೆ ಮಾರಿದರೆ ಬಂದ ಹಣ ವ್ಯಾಪಾರದ ಆದಾಯ ಆಗುತ್ತದೆ. 3 ಲಕ್ಷಕ್ಕೆ ಕೊಂಡ ಸ್ಕೋಪು (ಆಸಿಲೋಸ್ಕೋಪ್) 80,000ಕ್ಕೆ ಹೋದರೆ ಆ 80,000ಕ್ಕೂ ತೆರಿಗೆ. ಇದೆಲ್ಲಕ್ಕಿಂತ ಜಾಸ್ತಿ ತಕರಾರು ಬರುವುದು ಒಂದೇ ಸ್ಕೋಪನ್ನು ಬೆಳಗ್ಗೆ ಸಂಶೋಧನೆಗೆ, ಮಧ್ಯಾಹ್ನ ರಿಪೇರಿಗೆ ಬಳಸಿದಾಗ. ಸಾಧ್ಯವಾದರೆ ಆರ್ ಅಂಡ್ ಡಿ ಬೆಂಚನ್ನೇ ಬೇರೆ ಮಾಡಿ. ಆಸ್ತಿ ಪಟ್ಟಿಯಲ್ಲಿ ಅದಕ್ಕೆ ಬೇರೆ ಪುಟ ಇರಲಿ.

ಮುಂದಿನ ವಿಷಯದಲ್ಲಿ ಗೊಂದಲ ಜಾಸ್ತಿ. 22 ಪರ್ಸೆಂಟ್ ದರ ಕೊಡುವ ಸೆಕ್ಷನ್ 115ಬಿಎಎ 2019–20ರಿಂದ ಇದೆ. ಅದನ್ನು ಆರಿಸಿಕೊಂಡವರು ಹಲವು ರಿಯಾಯಿತಿ ಬಿಡಬೇಕು. ‘ಹೊಸ ದರಕ್ಕೆ ಹೋಗಿದ್ದೀವಿ, ಆರ್ ಅಂಡ್ ಡಿ ಕ್ಲೇಮ್ ಬರಲ್ಲ’ ಅನ್ನುವುದು ಅಲ್ಲಿಂದ ಹುಟ್ಟಿದ ಮಾತು. ಬಿಡಬೇಕಾದ ಪಟ್ಟಿಯನ್ನು ಒಮ್ಮೆ ಪೂರ್ತಿ ಓದಿ. ಸಂಶೋಧನಾ ಸಂಸ್ಥೆಗಳಿಗೆ, ವಿಶ್ವವಿದ್ಯಾಲಯಗಳಿಗೆ ಕೊಟ್ಟ ಹಣದ ಕಡಿತ ಅದರಲ್ಲಿದೆ. ರಾಷ್ಟ್ರೀಯ ಪ್ರಯೋಗಾಲಯ, ಐಐಟಿಯಂಥವಕ್ಕೆ ಕೊಟ್ಟ ಹಣದ 35(2ಎಎ) ಇದೆ, ಮೇಲೆ ಹೇಳಿದ 35(2ಎಬಿ) ಇದೆ. ಆದರೆ ನೀವೇ ನಿಮ್ಮ ವ್ಯಾಪಾರಕ್ಕಾಗಿ ಮಾಡಿದ ಸಂಶೋಧನೆಯ ದಿನನಿತ್ಯದ ಖರ್ಚು, ಅಂದರೆ 35(1)ರ ಮೊದಲ ಖಂಡ, ಆ ಪಟ್ಟಿಯಲ್ಲಿಲ್ಲ. ಉಪಕರಣದ ನಾಲ್ಕನೇ ಖಂಡವೂ ಇಲ್ಲ. ಇವೆರಡೂ 22 ಪರ್ಸೆಂಟ್ ದರದ ಜೊತೆಗೇ ಸಿಗುತ್ತವೆ. ಇವಕ್ಕೆ ಡಿಎಸ್ಐಆರ್ ಮಾನ್ಯತೆಯೂ ಬೇಕಿಲ್ಲ. ಮಾನ್ಯತೆಗೆ ಬೇರೆ ಬೆಲೆ ಇದೆ, ಟೆಂಡರಿನಲ್ಲಿ, ದೊಡ್ಡ ಗ್ರಾಹಕರ ಮುಂದೆ ತೂಕ ಬರುತ್ತೆ. ಆದರೆ ತೆರಿಗೆಗೆ ಅಂತಲೇ ಹತ್ತು ಜನರ ಕಂಪನಿ ಅದರ ಹಿಂದೆ ಓಡುವ ಅಗತ್ಯ ಈಗ ನನಗೆ ಕಾಣುವುದಿಲ್ಲ.

ಪ್ರೈವೇಟ್ ಲಿಮಿಟೆಡ್ ಆಗಿರಲೇಬೇಕು ಅಂತಲೂ ಇಲ್ಲ. ಪಾಲುದಾರಿಕೆ ಫರ್ಮು, ಒಬ್ಬರೇ ಮಾಲೀಕರಿರುವ ವರ್ಕ್‌ಶಾಪು ಕೂಡ ಈ ಎರಡು ಖಂಡ ಬಳಸಬಹುದು. ಫರ್ಮಿಗೆ ದರ 30 ಪರ್ಸೆಂಟ್ ಮೇಲೆ ಸೆಸ್ ಇರುವುದರಿಂದ ಅವರಿಗೆ ಉಪಯೋಗ ಇನ್ನೂ ಜಾಸ್ತಿ. ಒಂದು ಅಡ್ಡಿ ಗಮನಿಸಬೇಕು. ಅನೇಕ ಸಣ್ಣ ವರ್ಕ್‌ಶಾಪುಗಳು ಸೆಕ್ಷನ್ 44ಎಡಿ ಪ್ರಕಾರ ವಹಿವಾಟಿನ 6 ಅಥವಾ 8 ಪರ್ಸೆಂಟನ್ನೇ ಲಾಭ ಅಂತ ತೋರಿಸಿ ಮುಗಿಸುತ್ತವೆ. ಲೆಕ್ಕ ಇಡುವ ತಲೆನೋವು ಇಲ್ಲ, ನಿಜ. ಆದರೆ ಆಗ ಸಂಶೋಧನೆಯೂ ಸೇರಿ ಎಲ್ಲ ಖರ್ಚು ಅದರಲ್ಲೇ ಕಳೆದುಹೋಯಿತು ಅಂತ ಅರ್ಥ. 20 ಲಕ್ಷದ ಉಪಕರಣ ಕೊಂಡ ವರ್ಷ 44ಎಡಿಯಲ್ಲಿ ಇರಬೇಕಾ, ಪೂರ್ತಿ ಲೆಕ್ಕಕ್ಕೆ ಬರಬೇಕಾ ಅಂತ ಮೊದಲೇ ಕೂತು ಲೆಕ್ಕ ಹಾಕಿ. ಒಮ್ಮೆ ಹೊರಗೆ ಬಂದರೆ ಐದು ವರ್ಷ ವಾಪಸ್ ಹೋಗುವಂತಿಲ್ಲ.

ಹೊಸದಾಗಿ ಶುರು ಮಾಡುವವರಿಗೆ ಕಾಯ್ದೆಯಲ್ಲಿ ಒಂದು ಒಳ್ಳೆಯ ಜಾಗ ಇದೆ. ಇಂಜಿನಿಯರಿಂಗ್ ಮುಗಿಸಿದ ಹುಡುಗರು, ಹುಡುಗಿಯರು ವಿಜಯಪುರದ ದ್ರಾಕ್ಷಿ ಒಣಗಿಸುವ ಶೆಡ್ಡಿಗೆ ತೇವ ನೋಡುವ ಸಾಧನವನ್ನೋ, ಬಾಗಲಕೋಟೆ ಕಡೆಯ ಬೋರ್‌ವೆಲ್ ಪಂಪಿಗೆ ಕಂಟ್ರೋಲರನ್ನೋ ಎರಡು ವರ್ಷ ಕಟ್ಟುತ್ತಾರೆ. ಆಮೇಲೆ ವ್ಯಾಪಾರ ಶುರುವಾಗುತ್ತೆ. ಶುರುವಾಗುವ ಮುಂಚಿನ ಮೂರು ವರ್ಷದೊಳಗೆ ಸಂಶೋಧನೆಗೆ ಕೊಂಡ ಉಪಕರಣದ ಖರ್ಚನ್ನು, ವ್ಯಾಪಾರ ಶುರುವಾದ ವರ್ಷದ ಖರ್ಚು ಅಂತಲೇ ಕಾಯ್ದೆ ಪರಿಗಣಿಸುತ್ತದೆ. ಸಂಬಳ ಮತ್ತು ಸಾಮಗ್ರಿಗೂ ಈ ಸೌಲಭ್ಯ ಇದೆ, ಆದರೆ ನಿಗದಿತ ಪ್ರಾಧಿಕಾರ (ಇದಕ್ಕೆಂದು ನಿಯಮದಲ್ಲಿ ಗೊತ್ತುಪಡಿಸಿದ ಅಧಿಕಾರಿ) ದೃಢೀಕರಿಸಿದಷ್ಟಕ್ಕೆ ಮಾತ್ರ. ಹಾಗಾಗಿ ಕಂಪನಿ ಶುರುವಾಗುವ ಮೊದಲ ಬಿಲ್ಲುಗಳನ್ನು ಯಾರೂ ಬಿಸಾಡಬೇಡಿ.

ಲಾಭವೇ ಇಲ್ಲದಿದ್ದರೆ? ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಬ್ರಿಟನ್ನಿನ ಪದ್ಧತಿಯ ಬರಹಗಳು ರಾಶಿ ಸಿಗುತ್ತವೆ. ಅಲ್ಲಿ 2024ರ ಏಪ್ರಿಲ್ 1ರಿಂದ ಶುರುವಾಗುವ ಲೆಕ್ಕದ ಅವಧಿಗಳಿಗೆ ಸಂಶೋಧನೆಯ ಖರ್ಚಿನ ಮೇಲೆ 20 ಪರ್ಸೆಂಟ್ ತೆರಿಗೆ ಕ್ರೆಡಿಟ್ ಇದೆ. ನಷ್ಟದಲ್ಲಿದ್ದು ಸಂಶೋಧನೆಗೇ ಹೆಚ್ಚು ಸುರಿಯುವ ಸಣ್ಣ ಕಂಪನಿಗೆ ಸರ್ಕಾರವೇ ನಗದು ಕೊಡುತ್ತದೆ. ನಮ್ಮಲ್ಲಿ ಹಾಗೆ ಕೈಗೆ ದುಡ್ಡು ಬರುವುದಿಲ್ಲ. ಇಲ್ಲಿ ಸಿಗುವುದು ಆದಾಯದಲ್ಲಿ ಕಳೆಯುವ ಹಕ್ಕು ಮಾತ್ರ. ಆದರೆ ಆ ಹಕ್ಕು ಒಂದೇ ವರ್ಷಕ್ಕೆ ಸಾಯುವುದಿಲ್ಲ. ಮಾಮೂಲಿ ವ್ಯಾಪಾರ ನಷ್ಟವನ್ನು ಎಂಟು ವರ್ಷ ಮಾತ್ರ ಮುಂದಕ್ಕೆ ಒಯ್ಯಬಹುದು, ಅದೂ ರಿಟರ್ನ್ ಸಮಯಕ್ಕೆ ಸಲ್ಲಿಸಿದ್ದರೆ. ಸಂಶೋಧನೆಯ ಉಪಕರಣದ ಖರ್ಚು ಆದಾಯ ಸಾಲದೆ ಉಳಿದರೆ, ಸವಕಳಿಯ ಹಾಗೆ ವರ್ಷಗಳ ಮಿತಿ ಇಲ್ಲದೆ ಮುಂದಕ್ಕೆ ಹೋಗುತ್ತದೆ. ಉತ್ಪನ್ನ ನಿಲ್ಲೋಕೆ ಸಮಯ ಹಿಡಿಯುವ ಎಲೆಕ್ಟ್ರಾನಿಕ್ಸ್ ಕೆಲಸಕ್ಕೆ ಇದು ಬಹಳ ಮುಖ್ಯ.

ಸ್ಟಾರ್ಟಪ್ ಮಾನ್ಯತೆ ಪಡೆದು ಸೆಕ್ಷನ್ 80-ಐಎಸಿಯ ವಿನಾಯಿತಿ ಸಿಕ್ಕವರು ಹತ್ತು ವರ್ಷದಲ್ಲಿ ಸತತ ಮೂರು ವರ್ಷದ ಲಾಭಕ್ಕೆ ಮಾಮೂಲಿ ದರದ ತೆರಿಗೆ ಕಟ್ಟಬೇಕಿಲ್ಲ. ಆ ಮೂರು ವರ್ಷ ಯಾವುದು ಅನ್ನುವ ಆಯ್ಕೆ ಅವರದೇ. ಹೇಗೂ ಆ ತೆರಿಗೆ ಇಲ್ಲದ ವರ್ಷದಲ್ಲಿ ದೊಡ್ಡ ಆರ್ ಅಂಡ್ ಡಿ ಖರ್ಚು ತೋರಿಸಿದರೆ ಅದರ ಪ್ರಯೋಜನ ವ್ಯರ್ಥ. ಉಪಕರಣ ಕೊಂಡ ವರ್ಷಗಳು ಮೊದಲು, ವಿನಾಯಿತಿಯ ವರ್ಷಗಳು ಆಮೇಲೆ ಬರುವ ಹಾಗೆ ಯೋಚಿಸುವುದು ಜಾಣತನ. 115ಬಿಎಎ ಆರಿಸಿದರೆ 80-ಐಎಸಿ ಸಿಗುವುದಿಲ್ಲ, ಅದೂ ನೆನಪಿರಲಿ.

ಇಷ್ಟೆಲ್ಲ ಹಕ್ಕಿದ್ದೂ ಕೊನೆಗೆ ನಿಲ್ಲುವುದು ಕಾಗದದ ಮೇಲೆ. ‘ಇದು ಸಂಶೋಧನೆ ಹೌದೋ ಅಲ್ಲವೋ’ ಅನ್ನುವ ಪ್ರಶ್ನೆ ಬಂದರೆ ಸೆಕ್ಷನ್ 35(3) ಪ್ರಕಾರ ಅದು ನೇರ ತೆರಿಗೆ ಮಂಡಳಿಯ ಮೂಲಕ ನಿಗದಿತ ಪ್ರಾಧಿಕಾರಕ್ಕೆ ಹೋಗಬೇಕು, ಅಲ್ಲಿನ ತೀರ್ಮಾನವೇ ಅಂತಿಮ. ಅಲ್ಲಿಯವರೆಗೆ ಹೋಗುವ ಕಡತದಲ್ಲಿ ಏನಿರಬೇಕು? ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು, ಕೆಲಸ ಶುರು ಮಾಡುವ ದಿನ ಬರೆದ ಒಂದು ಪುಟ. ಏನು ಮಾಡಬೇಕು ಅಂತಿದ್ದೇವೆ, ಅದರಲ್ಲಿ ನಮಗೆ ಏನು ಗೊತ್ತಿಲ್ಲ, ಸಿಗುವ ಪುಸ್ತಕ, ಡೇಟಾಶೀಟು ನೋಡಿದರೂ ಯಾಕೆ ಗೊತ್ತಾಗಲಿಲ್ಲ. ಬ್ರಿಟನ್ನಿನ ನಿಯಮದಲ್ಲೂ ಇದೇ ಪರೀಕ್ಷೆ: ಆ ಕ್ಷೇತ್ರದ ಅನುಭವಿಗೂ ಸುಲಭಕ್ಕೆ ಬಗೆಹರಿಯದ ಅನಿಶ್ಚಿತತೆ ಇತ್ತಾ? ನಮ್ಮ ಕಾನೂನು ಅದನ್ನು ಕೇಳುವುದಿಲ್ಲ, ಆದರೂ ಆ ಪ್ರಶ್ನೆಗೆ ಉತ್ತರ ಬರೆದಿಟ್ಟವರ ಕಡತ ಗಟ್ಟಿಯಾಗಿರುತ್ತದೆ.

ಉಳಿದ ಸಾಕ್ಷಿ ಎಂಬೆಡೆಡ್ ಕೆಲಸದಲ್ಲಿ ತಾನಾಗಿಯೇ ಹುಟ್ಟುತ್ತದೆ. ಕೋಡಿನ ಬದಲಾವಣೆ ದಾಖಲಿಸುವ ಗಿಟ್‌ನಲ್ಲಿ ಪ್ರತಿ ಬದಲಾವಣೆಗೂ ತಾರೀಖು, ಹೆಸರು ಇರುತ್ತದೆ. ‘ಸರಿ ಮಾಡಿದೆ’ ಅಂತ ಬರೆಯುವ ಬದಲು ‘ಫರ್ನೇಸ್ ಆನ್ ಇದ್ದಾಗ ರೀಡಿಂಗ್ ಜಿಗಿಯುತ್ತಿತ್ತು, ಫಿಲ್ಟರ್ ಬದಲಿಸಿ ನೋಡಿದೆ, ಅರ್ಧ ಕಡಿಮೆಯಾಯಿತು’ ಅಂತ ಬರೆದರೆ ಅದೇ ಸಂಶೋಧನೆಯ ದಿನಚರಿ. ಬೋರ್ಡ್ ಡಿಸೈನ್ ಮಾಡುವ ಕಿಕ್ಯಾಡ್ ಸಾಫ್ಟ್‌ವೇರಿನ ಕಡತದ ಹಳೆಯ ಆವೃತ್ತಿಗಳನ್ನು ಅಳಿಸಬೇಡಿ. ಸ್ಕೋಪಿನ ಸ್ಕ್ರೀನ್‌ಶಾಟ್‌ಗಳನ್ನು ತಾರೀಖಿನ ಹೆಸರಲ್ಲಿ ಇಡಿ. ಸುಟ್ಟ ಬೋರ್ಡು, ಕೆಲಸ ಮಾಡದ ಬೋರ್ಡುಗಳಿಗೆ ಆವೃತ್ತಿಯ ಚೀಟಿ ಅಂಟಿಸಿ ಒಂದು ಡಬ್ಬಿಯಲ್ಲಿಡಿ. ಸೋತ ಪ್ರಯತ್ನದ ಖರ್ಚೂ ಸಂಶೋಧನೆಯ ಖರ್ಚೇ. ಗೆದ್ದಿರಬೇಕು ಅಂತ ಕಾಯ್ದೆ ಎಲ್ಲೂ ಹೇಳಿಲ್ಲ.

ಸಂಬಳದ ವಿಷಯದಲ್ಲಿ ಸ್ವಲ್ಪ ಶಿಸ್ತು ಬೇಕು. ಸಣ್ಣ ಕಂಪನಿಯಲ್ಲಿ ಒಬ್ಬರೇ ಫರ್ಮ್‌ವೇರ್ ಬರೆಯುತ್ತಾರೆ, ಅವರೇ ಗ್ರಾಹಕರ ಫೋನೂ ಎತ್ತುತ್ತಾರೆ. ವಾರಕ್ಕೊಮ್ಮೆ ಯಾವ ಕೆಲಸಕ್ಕೆ ಎಷ್ಟು ಗಂಟೆ ಅಂತ ಒಂದು ಶೀಟಿನಲ್ಲಿ ತುಂಬಿದರೆ ಸಾಕು. ವರ್ಷದ ಕೊನೆಗೆ ಅಂದಾಜಿನ ಮೇಲೆ ತುಂಬಿದ ಶೀಟು ನೋಡಿದವರಿಗೆ ಗೊತ್ತಾಗಿಬಿಡುತ್ತೆ. ಟ್ಯಾಲಿಯಲ್ಲೂ ಆರ್ ಅಂಡ್ ಡಿ ಅಂತ ಬೇರೆ ಕಾಸ್ಟ್ ಸೆಂಟರ್ ಮಾಡಿಸಿ, ಬಿಡಿಭಾಗದ ಬಿಲ್ಲು ಬಂದ ದಿನವೇ ಅಲ್ಲಿಗೆ ಹಾಕಿಸಿ.

ಕ್ಲೇಮ್ ಸರಿ ಇದ್ದೂ ಸಣ್ಣ ಎಡವಟ್ಟಿನಿಂದ ಖರ್ಚು ಬಿದ್ದುಹೋಗುವುದುಂಟು. ಒಬ್ಬರಿಗೆ ಒಂದೇ ದಿನ 10,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಆ ಖರ್ಚು ಒಪ್ಪುವುದಿಲ್ಲ. ಪಿಸಿಬಿ ಮಾಡಿಕೊಡುವವರು ನೋಂದಾಯಿತ ಮೈಕ್ರೋ ಅಥವಾ ಸಣ್ಣ ಉದ್ಯಮ ಆಗಿದ್ದರೆ, ಒಪ್ಪಂದ ಇದ್ದಾಗ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಡವಾದರೆ ಕೊಟ್ಟ ವರ್ಷವೇ ಆ ಖರ್ಚು ಸಿಗುವುದು. ಹೊರಗಿನ ಡಿಸೈನರಿಗೆ ಕೊಡುವಾಗ ಟಿಡಿಎಸ್ ಮುರಿಯದಿದ್ದರೆ ಖರ್ಚಿನ 30 ಪರ್ಸೆಂಟ್ ಹೋಗುತ್ತದೆ. ಜಿಎಸ್‌ಟಿಯಲ್ಲಿ ಬಿಡಿಭಾಗದ ಮೇಲಿನ ಇನ್‌ಪುಟ್ ಕ್ರೆಡಿಟ್ ತಗೊಂಡಿದ್ದರೆ ಅದೇ ತೆರಿಗೆ ಮೊತ್ತವನ್ನು ಮತ್ತೆ ಖರ್ಚಿಗೆ ಸೇರಿಸಬಾರದು. ಗ್ರಾಹಕರಿಗೆ ಸುಮ್ನೆ ಉಚಿತ ಸ್ಯಾಂಪಲ್ ಅಂತ ಕೊಟ್ಟ ಬೋರ್ಡಿನ ಕ್ರೆಡಿಟ್ಟನ್ನು ವಾಪಸ್ ಮಾಡಬೇಕು.

ಸ್ಟಾರ್ಟಪ್‌ಗಳಿಗಾಗಿ ಇರುವ ಕರ್ನಾಟಕ ಸರ್ಕಾರದ ಎಲಿವೇಟ್ ಕಾರ್ಯಕ್ರಮದಲ್ಲಿ 50 ಲಕ್ಷದವರೆಗೆ ಅನುದಾನ ಸಿಗುತ್ತದೆ, ಬೆಳಗಾವಿಯವರೂ ಅರ್ಜಿ ಹಾಕಬಹುದು. ಅನುದಾನ ಬಂದರೆ ಅದು ಆದಾಯ ಆಗುತ್ತದೆ, ಅಥವಾ ಉಪಕರಣಕ್ಕೆ ಅಂತಲೇ ಬಂದಿದ್ದರೆ ಉಪಕರಣದ ಬೆಲೆಯಿಂದ ಕಳೆಯಬೇಕಾಗುತ್ತದೆ. ಸರ್ಕಾರದ ದುಡ್ಡಲ್ಲಿ ಕೊಂಡದ್ದನ್ನು ನಮ್ಮ ಖರ್ಚು ಅಂತ ತೋರಿಸಲು ಬರುವುದಿಲ್ಲ.

ಸಾಧನಕ್ಕೆ ಪೇಟೆಂಟ್ ಸಿಕ್ಕರೆ ಸೆಕ್ಷನ್ 115ಬಿಬಿಎಫ್ ಇದೆ. ಭಾರತದಲ್ಲೇ ಅಭಿವೃದ್ಧಿ ಮಾಡಿ, ಇಲ್ಲೇ ನೋಂದಾಯಿಸಿದ ಪೇಟೆಂಟಿನಿಂದ ಬರುವ ರಾಯಲ್ಟಿಗೆ 10 ಪರ್ಸೆಂಟ್ ತೆರಿಗೆ, ಮೇಲೆ ಸರ್ಚಾರ್ಜ್, ಸೆಸ್. ಅಭಿವೃದ್ಧಿಯ ಖರ್ಚಿನಲ್ಲಿ ಕನಿಷ್ಠ 75 ಪರ್ಸೆಂಟನ್ನು ನೀವೇ ಭಾರತದಲ್ಲಿ ಮಾಡಿರಬೇಕು. ಆ ರಾಯಲ್ಟಿಯ ಎದುರು ಯಾವ ಖರ್ಚೂ ಕಳೆಯುವಂತಿಲ್ಲ. ಇದು ಬೇರೆಯವರಿಗೆ ಲೈಸೆನ್ಸ್ ಕೊಟ್ಟು ಬಂದ ಹಣಕ್ಕೆ ಮಾತ್ರ. ಪೇಟೆಂಟ್ ಇರುವ ಸಾಧನವನ್ನು ನೀವೇ ಮಾಡಿ ಮಾರಿದರೆ ಬರುವ ಲಾಭಕ್ಕೆ ಮಾಮೂಲಿ ದರವೇ. ಪೇಟೆಂಟ್ ಅರ್ಜಿಗೆ ಖರ್ಚು ಮಾಡುವ ಮುಂಚೆ, ಲೈಸೆನ್ಸ್ ಕೊಡುವ ಯೋಚನೆ ಇದೆಯಾ, ನಾವೇ ಮಾರುತ್ತೇವಾ ಅಂತ ತೀರ್ಮಾನ ಮಾಡಿಕೊಳ್ಳುವುದು ಒಳ್ಳೆಯದು.

2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಲ್ಲಿದೆ. ಸೆಕ್ಷನ್ ಸಂಖ್ಯೆಗಳು ಅದರಲ್ಲಿ ಬದಲಾಗಿವೆ. ಇಲ್ಲಿ ಹಳೆಯ ಸಂಖ್ಯೆಗಳನ್ನೇ ಬಳಸಿದ್ದೇನೆ, ಯಾಕಂದರೆ ಆಡಿಟರುಗಳ ಬಾಯಲ್ಲಿ ಇನ್ನೂ ಅವೇ ಇವೆ. 2025–26 ಮತ್ತು ಅದಕ್ಕಿಂತ ಹಿಂದಿನ ವರ್ಷಗಳ ರಿಟರ್ನ್, ನೋಟಿಸ್, ವಿಚಾರಣೆ ಎಲ್ಲ ನಡೆಯುವುದೂ ಹಳೆಯ ಕಾಯ್ದೆಯಲ್ಲೇ. ಹೊಸ ವರ್ಷದ ಉಪಕರಣಕ್ಕೆ ಆರ್ಡರ್ ಕೊಡುವ ಮುಂಚೆ, ಅದನ್ನು ಯಾವ ತಲೆಬರಹದಲ್ಲಿ ಸೇರಿಸುತ್ತಾರೆ ಅಂತ ನಿಮ್ಮ ಆಡಿಟರನ್ನು ಕೇಳಿ. ರಿಟರ್ನ್ ಹೋದ ಮೇಲೆ ಕೇಳಿದರೆ, ಆ ಉಪಕರಣ ಆಗಲೇ 15 ಪರ್ಸೆಂಟಿನ ಪಟ್ಟಿಯಲ್ಲಿ ಕೂತಿರುತ್ತದೆ.